ಹೆಸರಿಲ್ಲದ ಅರ್ಜಿ

ಬೇರೆ ಕೆಲಸ ಹುಡುಕುತ್ತಿದ್ದೇನೆ ಎಂಬ ಒಂದೇ ಒಂದು ಮಾತನ್ನು ಧನುಶ್ರೀ ಮಳೆಗಾಲ ಪೂರ್ತಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಪಾಂಡವಪುರದಲ್ಲಿ ಇದು ಸಣ್ಣ ಸಾಧನೆಯಲ್ಲ. ಪೇಟೆ ಬೀದಿಯ ಆ ತುದಿಯಲ್ಲಿ ಒಬ್ಬರು ಸೀನಿದರೆ ಈ ತುದಿಯಲ್ಲಿ ಕಷಾಯಕ್ಕೆ ನೀರಿಡುವ ಊರು ಇದು.

ಅವಳು ಮರಿಸ್ವಾಮಿಯ ಚಿನ್ನದ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಸೇರಿಸಿಕೊಳ್ಳುವಾಗ ಮರಿಸ್ವಾಮಿ, "ಒಂದೊರ್ಸ ಬಿಲ್ಲು ನೋಡ್ಕೊ ಕಣವ್ವ, ಆಮ್ಯಾಲೆ ಒಡವೆ ಡಿಸೈನ್ ಕೆಲ್ಸ ನಿಂಗೇ" ಎಂದು ದೇವರ ಪಟದ ಮುಂದೆಯೇ ನಿಂತು ಹೇಳಿದ್ದ. ಧನುಶ್ರೀ ಅದನ್ನು ನಂಬಿದಳು. ವಾರದ ರಜೆಯ ದಿನ ಮೈಸೂರಿಗೆ ಹೋಗಿ ಕಂಪ್ಯೂಟರಿನಲ್ಲಿ ಒಡವೆ ವಿನ್ಯಾಸ ಮಾಡುವುದನ್ನು ಕಲಿತು, ಸರ್ಟಿಫಿಕೇಟು ತಂದು ತೋರಿಸಿದಳು. ಮರಿಸ್ವಾಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಭೇಷ್" ಎಂದು ಹೇಳಿ, ಗಿರಾಕಿ ಬಂದರೆಂದು ಅವಳನ್ನು ಮತ್ತೆ ಬಿಲ್ಲಿನ ಮುಂದೆ ಕೂರಿಸಿದ. ಆಮೇಲೆ ಕೇಳಿದಾಗಲೆಲ್ಲ "ದಸರಾ ಕಳೀಲಿ", "ಸಂಕ್ರಾಂತಿ ಕಳೀಲಿ", "ಮದ್ವೆ ಸೀಜನ್ ಮುಗೀಲಿ". ನಮ್ಮ ಸೀಮೆಯಲ್ಲಿ ಮದುವೆ ಸೀಜನ್ ಮುಗಿದದ್ದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ಹಾಗಾದರೆ ರಾಜೀನಾಮೆ ಬಿಸಾಕಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಗಂಟು ಇದ್ದದ್ದೇ ಅಲ್ಲಿ. ಅವಳ ಅಪ್ಪ ವೆಂಕಟೇಶಾಚಾರಿ ಅಕ್ಕಸಾಲಿ, ಮನೆಯ ಮುಂಗೋಣೆಯಲ್ಲಿ ಕೂತು ತಾಳಿ ಮಾಡುವವನು. ಅವನಿಗೆ ಬರುವ ಕೆಲಸವೆಲ್ಲ ಮರಿಸ್ವಾಮಿಯ ಅಂಗಡಿಯಿಂದಲೇ ಬರಬೇಕು. ಮಿಷನ್ನಿನ ಒಡವೆ ಬಂದ ಮೇಲೆ ಬೀದಿಯ ಉಳಿದ ಆಚಾರಿಗಳು ಒಬ್ಬೊಬ್ಬರಾಗಿ ಬೇರೆ ಕಸುಬು ಹಿಡಿದಿದ್ದರು. ಒಬ್ಬ ಆಟೋ ಓಡಿಸುತ್ತಾನೆ, ಇನ್ನೊಬ್ಬ ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಾನೆ. ವೆಂಕಟೇಶಾಚಾರಿ ಮಾತ್ರ ಊದುಗೊಳವೆ ಬಿಟ್ಟಿರಲಿಲ್ಲ. ಮಗಳು ಬೇರೆ ಕಡೆ ಕಣ್ಣು ಹಾಕಿದ್ದಾಳೆ ಎಂದು ಗೊತ್ತಾದರೆ ಮರಿಸ್ವಾಮಿ ಸುಮ್ಮನಿರುವ ಆಸಾಮಿಯಲ್ಲ. ಹಿಂದೆ ಸೇಲ್ಸಿನ ಹುಡುಗನೊಬ್ಬ ಬಿಟ್ಟು ಹೋದಾಗ ಅವನ ಭಾವನಿಗೆ ಕೊಡುತ್ತಿದ್ದ ಬೆಳ್ಳಿ ಕೆಲಸ ಅದೇ ವಾರ ನಿಂತಿತ್ತು. ಆದ್ದರಿಂದ ಹೊಸ ಕೆಲಸ ಕೈಗೆ ಸಿಕ್ಕಿ, ಅಪ್ಪನಿಗೂ ಬೇರೊಂದು ಅಂಗಡಿ ನೋಡುವವರೆಗೆ ತುಟಿ ಬಿಚ್ಚಬಾರದು ಎಂದು ಧನುಶ್ರೀ ತೀರ್ಮಾನಿಸಿದ್ದಳು. ಅಮ್ಮ ಮಂಗಳಮ್ಮನಿಗೆ ಬಿಟ್ಟರೆ ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಹುಡುಕುವ ದಾರಿ ಹೇಳಿಕೊಟ್ಟವಳು ಸ್ನೇಹ, ಮೈಸೂರಿನಲ್ಲಿ ಜೊತೆಗೆ ಕಲಿತವಳು, ದೇವಲಾಪುರದ ಹುಡುಗಿ. ಅವಳು ಆನ್‌ಲೈನಿನಲ್ಲಿ ಕೆಲಸ ಹುಡುಕಲು ಹೋಗಿ ಒಮ್ಮೆ ಕೈ ಸುಟ್ಟುಕೊಂಡಿದ್ದಳು. "ನೀವು ಸೆಲೆಕ್ಟ್ ಆಗಿದ್ದೀರಿ" ಎಂದು ಫೋನು ಮಾಡಿದವನೊಬ್ಬ ಟ್ರೈನಿಂಗ್ ಫೀಸು ಕಟ್ಟಿಸಿಕೊಂಡು ಮಾಯವಾಗಿದ್ದ. ಸುಟ್ಟುಕೊಂಡವಳ ಬುದ್ಧಿಮಾತು ಖಡಕ್ಕಾಗಿತ್ತು.

"ನೋಡಮ್ಮಿ, ಅಂಗ್ಡಿ ವೈಫೈ ಮುಟ್ಬೇಡ. ಬೇರೆ ಮೇಲ್ ಐಡಿ ಮಾಡ್ಕೊ. ಫೋಟೋ ಆಕ್ಬೇಡ, ಮನೆ ಅಡ್ರೆಸ್ ಬರೀಬೇಡ. ಓಟಿಪಿ ಕೇಳಿದ್ರೆ, ಆಧಾರ್ ಕೇಳಿದ್ರೆ, ದುಡ್ ಕೇಳಿದ್ರೆ ಅಲ್ಲೇ ಕಟ್ ಮಾಡು. ಕಂಪ್ನಿ ಎಸ್ರೇ ಇಲ್ದಿರೋ ಜಾಹೀರಾತಿಗಂತೂ ಅರ್ಜಿ ಆಕ್ಲೇಬೇಡ. ಎಸ್ರು ಮುಚ್ಕೊಂಡ್ ಕೂತಿರೋನು ಯಾರೋ ಏನೋ, ಯಾರಿಗೊತ್ತು?"

ಧನುಶ್ರೀ ಇದನ್ನೆಲ್ಲ ವ್ರತದ ಹಾಗೆ ಪಾಲಿಸಿದಳು. ಕೆಲಸದ ಸೈಟಿನಲ್ಲಿ ಯಾವ ಸಂಸ್ಥೆಯವರ ಕಣ್ಣಿಗೆ ತನ್ನ ವಿವರ ಬೀಳಬಾರದು ಎಂದು ಕೇಳುವ ಜಾಗವಿತ್ತು. ಅಲ್ಲಿ ಮರಿಸ್ವಾಮಿಯ ಅಂಗಡಿಯ ಹೆಸರನ್ನು ತುಂಬಿದಳು. ಫೋನು ಬಂದರೆ ಊಟದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಮಾತಾಡುತ್ತಿದ್ದಳು. ಕೆ.ಆರ್. ಪೇಟೆ ಬಸ್ಸಿನ ಹಾರನ್ನು, ಕಡಲೆಕಾಯಿ ಮಾರುವವರ ಕೂಗು, ಇವುಗಳ ನಡುವೆ ಯಾರ ಮಾತು ಯಾರಿಗೆ ಕೇಳೀತು? ದುಬೈ ಕೆಲಸವೆಂದು ಆಧಾರ್ ಪ್ರತಿ ಕೇಳಿದವನಿಗೆ "ನಿಮ್ಮ ಆಧಾರ್ ಮೊದ್ಲು ಕಳ್ಸಿ" ಎಂದಳು. ಆತ ಮತ್ತೆ ಫೋನು ಮಾಡಲಿಲ್ಲ.

ತೊಡಕು ಬಂದದ್ದು ಮಾದರಿ ಚಿತ್ರದ ವಿಷಯದಲ್ಲಿ. ನೀವೇ ಮಾಡಿದ ವಿನ್ಯಾಸ ಕಳಿಸಿ ಎಂದು ಎಲ್ಲರೂ ಕೇಳುತ್ತಿದ್ದರು. ಅಂಗಡಿಯಲ್ಲಿರುವ ಒಡವೆ ಅಂಗಡಿಯದು. ಅದರ ಚಿತ್ರ ಕಳಿಸುವುದು ಕಳ್ಳತನ. ಸ್ವಂತದ್ದು ಬೇಕು. ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳಿಗೆ ಶೀಳನೆರೆಯ ಚಿಕ್ಕಬೋರಮ್ಮ ನೆನಪಾದಳು.

ತಾಳಿ ಕಿತ್ತುಹೋದರೆ ನಮ್ಮ ಹೆಂಗಸರು ಅದನ್ನು ಯಾರಿಗೂ ಹೇಳುವುದಿಲ್ಲ. ಅಪಶಕುನ ಎಂದು ಅತ್ತೆ ರಂಪ ಮಾಡಬಹುದು, ಗಂಡ ಹೆದರಬಹುದು. ಕುತ್ತಿಗೆಗೆ ಅರಿಸಿನದ ಕೊಂಬು ಕಟ್ಟಿಕೊಂಡು, ತಾಳಿಯನ್ನು ಕರ್ಚೀಫಿನಲ್ಲಿ ಸುತ್ತಿ, ಸಂತೆಗೆ ಹೋಗುತ್ತೇನೆಂದು ಬಸ್ಸು ಹತ್ತಿ ಬರುತ್ತಾರೆ. ಅಂಗಡಿಯಲ್ಲಿ ಗಂಡಸರ ಮುಂದೆ ಬಾಯಿ ಬಿಡದೆ ಸೀದಾ ಬಿಲ್ಲಿನ ಹುಡುಗಿಯ ಹತ್ತಿರ ಬಂದು, "ಇದ್ನೊಸಿ ಬೇಗ ಮಾಡ್ಸ್‌ಕೊಡವ್ವ" ಎಂದು ಪಿಸುಗುಟ್ಟುತ್ತಾರೆ. ಚಿಕ್ಕಬೋರಮ್ಮ ಹಾಗೆ ಎರಡನೇ ಸಲ ಬಂದಾಗ ಧನುಶ್ರೀ ವಿಚಾರಿಸಿದ್ದಳು. ಮೊದಲು ತಾಳಿ ಇದ್ದದ್ದು ಅರಿಸಿನ ದಾರದಲ್ಲಿ. ಮಗ ಈಗ ಚಿನ್ನದ ಸರ ಮಾಡಿಸಿಕೊಟ್ಟಿದ್ದಾನೆ. ಹಾಲು ಕರೆಯುವಾಗ, ಹುಲ್ಲಿನ ಹೊರೆ ಎತ್ತುವಾಗ ಸರ ತಾಳಿಯ ಕೊಂಡಿಯನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ದಾರಕ್ಕೆಂದು ಮಾಡಿದ ಕೊಂಡಿ ಸರವನ್ನು ತಾಳುವುದಿಲ್ಲ, ಅಷ್ಟೇ ಸಂಗತಿ. ಶಕುನವೂ ಇಲ್ಲ, ಶನಿಯೂ ಇಲ್ಲ.

ಧನುಶ್ರೀ ಒಂದು ತಾಳಿ ಬರೆದಳು. ಕೊಂಡಿಯ ಒಳಮೈಗೆ ಇನ್ನೊಂದು ತೆಳು ಪದರ ಕೊಟ್ಟಳು, ಸವೆದರೆ ಅದು ಸವೆಯಲಿ, ಮೇಲಿನದು ಕಿತ್ತುಹೋಗದಿರಲಿ ಎಂದು. ಹೊರಗಿನಿಂದ ನೋಡಿದವರಿಗೆ ಹಳೆಯ ತಾಳಿಯೇ. ಬರೆದು ಮುಗಿಸಿದ ಮೇಲೆ ಅವಳಿಗೆ ತನ್ನ ಮೇಲೆ ತನಗೇ ಒಂದು ಬಗೆಯ ಗೌರವ ಬಂತು. ಅದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ.

ಆ ಚಿತ್ರ ಕಳಿಸಿದ ಮೇಲೆ ಮೈಸೂರಿನ ಒಂದು ಆಭರಣ ಕಾರ್ಯಾಗಾರದಿಂದ ಕರೆ ಬಂತು. ಸ್ನೇಹ ಖುದ್ದಾಗಿ ಆ ವಿಳಾಸಕ್ಕೆ ಹೋಗಿ, ಬೋರ್ಡು ಓದಿ, ಒಳಗೆ ಕೆಲಸ ಮಾಡುವ ಹೆಂಗಸರನ್ನು ಮಾತಾಡಿಸಿ, "ದಿಟವಾದ ಜಾಗ ಕಣೆ" ಎಂದು ವರದಿ ಕೊಟ್ಟಳು. ಸಂದರ್ಶನ ಸೋಮವಾರ, ಅಂಗಡಿಗೆ ವಾರದ ರಜೆಯ ದಿನ. ಎಲ್ಲ ಕೂಡಿ ಬಂದಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲ.

ಅದೇ ವಾರ ಸೈಟಿನಲ್ಲಿ ಇನ್ನೊಂದು ಜಾಹೀರಾತು ಬಂತು. 'ಪ್ರತಿಷ್ಠಿತ ಆಭರಣ ಸಂಸ್ಥೆಗೆ ವಿನ್ಯಾಸಕರು ಬೇಕು. ಹಳೇ ಮೈಸೂರು ಸೀಮೆಯ ತಾಳಿಯ ಕೆಲಸ ಬಲ್ಲವರಿಗೆ ಆದ್ಯತೆ.' ಸಂಸ್ಥೆಯ ಹೆಸರಿಲ್ಲ. ಸಂಬಳ ಮಾತ್ರ ಬರೆದಿತ್ತು, ಅವಳ ಈಗಿನ ಸಂಬಳದ ದುಪ್ಪಟ್ಟಿಗಿಂತ ಮೇಲೆ. ಯಾರೋ ಮೈಸೂರಿನ ದೊಡ್ಡ ಕುಳವೇ ಇರಬೇಕು ಎಂದುಕೊಂಡಳು. ತಾಳಿಯ ಕೆಲಸ ಬಲ್ಲವರು ಎಂಬ ಮಾತು ತನ್ನನ್ನೇ ಹೆಸರು ಹಿಡಿದು ಕರೆದ ಹಾಗಿತ್ತು. ಸ್ನೇಹಳ ಎಚ್ಚರಿಕೆಯನ್ನು ಆ ಒಂದು ಸಲ ಗಾಳಿಗೆ ತೂರಿದಳು. ಹೆಸರಿಲ್ಲದವನಿಗೆ ಹೆಸರಿಲ್ಲದೆಯೇ ಉತ್ತರ ಕೊಟ್ಟರಾಯಿತು! 'ಡಿ. ವಿ., ಮೈಸೂರಿನ ಸಮೀಪ' ಎಂದಷ್ಟೇ ಬರೆದು, ತಾಳಿಯ ಚಿತ್ರ ಸೇರಿಸಿ ಕಳಿಸಿದಳು.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಊದುಬತ್ತಿ ಹೊಗೆ ಇನ್ನೂ ಆರಿರಲಿಲ್ಲ, ಮರಿಸ್ವಾಮಿ ವೆಂಕಟೇಶಾಚಾರಿಗೆ ಹೇಳಿ ಕಳಿಸಿದ. ಹೊಸ ಕೆಲಸ ಕೊಡಲಿಕ್ಕೆಂದು ಎಲ್ಲರೂ ತಿಳಿದರು. ಆಚಾರಿ ಹಿಂದಿನ ದಿನ ಕರಗಿಸಲು ಒಯ್ದಿದ್ದ ಚಿನ್ನದ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡೇ ಬಂದ, ಅದರ ತಾಳಿ ಯಾವ ಅಳತೆಗೆ ಎಂದು ಕೇಳಬೇಕಾಗಿತ್ತು. ಬಂದವನಿಗೆ ಕೂರು ಎನ್ನದೆ ಮರಿಸ್ವಾಮಿ ಫೋನನ್ನು ಮುಖದ ಮುಂದೆ ಹಿಡಿದ.

"ಏನ್ಲಾ ಇದು, ವೆಂಕಟೇಶ?"

ಯಾವತ್ತೂ 'ಆಚಾರ್ರೆ' ಎನ್ನುವವನ ಬಾಯಲ್ಲಿ 'ಲಾ' ಬಂದದ್ದು ಕೇಳಿ ಧನುಶ್ರೀ ತಲೆಯೆತ್ತಿದಳು. ಫೋನಿನಲ್ಲಿ ನೀಲಿ ಬಣ್ಣದ ಮೇಲೆ ಅವಳ ತಾಳಿ ಹೊಳೆಯುತ್ತಿತ್ತು. ಆ ಪ್ರತಿಷ್ಠಿತ ಸಂಸ್ಥೆ ಯಾವುದೆಂದು ತಿಳಿಯಲು ಇನ್ನೇನೂ ಬೇಕಾಗಿರಲಿಲ್ಲ.

"ನಾಗಮಂಗಲ್ದಲ್ಲಿ ಇನ್ನೊಂದ್ ಅಂಗ್ಡಿ ಮಾಡನಾ ಅಂತ ಯಾರ್ಗೂ ಗೊತ್ತಾಗ್ದಂಗೆ ಒಂದ್ ಜಾಹೀರಾತು ಬುಟ್ಟಿದ್ದೆ" ಎಂದ ಮರಿಸ್ವಾಮಿ. "ಯಾವನೋ ಡಿ. ವಿ. ಅನ್ನೋನು ಇದ್ನ ಕಳ್ಸವ್ನೆ. ಕೊಂಡಿ ನೋಡು. ಮೂರು ರಾಗಿಕಾಳು, ನಡುವಿಂದು ಒಂದ್ ಕೂದ್ಲೆಳೆ ತಗ್ಗು. ಇಡೀ ಜಿಲ್ಲೇಲಿ ಇಂಗ್ ಮಾಡೋ ಕೈ ಒಂದೇ, ಅದು ನಿಂದು. ಯಾವನಿಗ್ ಮಾರ್ಕೊಂಡೆ ನಮ್ ಮಾದರೀನ? ಉಂಡ ಮನೆ ಜಂತೆ ಎಣಿಸ್ತೀಯಾ?"

ಹೆಸರು, ಊರು, ಮುಖ ಎಲ್ಲವನ್ನೂ ಮುಚ್ಚಿದವಳು ಮನೆತನದ ಕೈಗುರುತನ್ನು ಚಿತ್ರದ ನಟ್ಟನಡುವೆ ಇಟ್ಟು ಕಳಿಸಿದ್ದಳು! ಸೀರೆಯ ನೂಲು ಸಿಕ್ಕಿಕೊಳ್ಳದಿರಲೆಂದು ಮುತ್ತಾತ ಕೊಂಡಿಯ ಮೇಲೆ ಕೂರಿಸುತ್ತಿದ್ದ, ರಾಗಿಕಾಳಿನಷ್ಟು ಸಣ್ಣ ಚಿನ್ನದ ಗುಂಡುಗಳವು. ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ತಾಳಿಯ ಕೊಂಡಿ ಎಂದರೆ ಹಾಗೆಯೇ ಇರುವುದು ಎಂದು ಅವಳು ತಿಳಿದಿದ್ದಳೇ ಹೊರತು ಅದೊಂದು ಗುರುತು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ನಾನ್ ಯಾರ್ಗೂ ಕೊಟ್ಟಿಲ್ಲ ಸಾವ್ಕಾರ್ರೆ. ನಿಮಿಷಾಂಬೆ ಆಣೆಗೂ" ಎಂದ ಅಪ್ಪ.

"ಅಂಗಾರೆ ಆಕಾಶದಿಂದ ಉದುರ್ತಾ? ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಕಿಲ್ಲ ಅಂತ ಸುಮ್ನೆ ಅಂದವ್ರಾ?"

ಆ ಗಾದೆಯನ್ನು ವೆಂಕಟೇಶಾಚಾರಿಯ ಮುಖಕ್ಕೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವನ ಕಿವಿಯ ತುದಿ ಕೆಂಪಾಯಿತು.

ಧನುಶ್ರೀಗೆ ಒಂದು ಕ್ಷಣ ಸಿಕ್ಕಿತು. ಡಿ. ವಿ. ಯಾರೆಂದು ಮರಿಸ್ವಾಮಿಗೆ ಗೊತ್ತಿಲ್ಲ. ಯಾವನೋ ಗಂಡಸು ಎಂದುಕೊಂಡಿದ್ದಾನೆ. ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಮೈಸೂರಿನ ಕೆಲಸ ಸಿಗಬಹುದು, ಆಮೇಲೆ ನಿಧಾನವಾಗಿ ಅಪ್ಪನಿಗೆ ತಿಳಿಸಿ ಹೇಳಬಹುದು. ಇಷ್ಟೂ ಯೋಚನೆ ಬಂತು, ಸುಳ್ಳು ಹೇಳುವುದೇಕೆ. ಆದರೆ ಅಪ್ಪನನ್ನು ಕಳ್ಳನೆಂದು ಕರೆಯುವುದನ್ನು ಕೇಳಿಸಿಕೊಂಡು ಬಿಲ್ಲು ಬರೆಯುತ್ತಾ ಕೂರುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ. ಪೆನ್ನಿಟ್ಟು ಎದ್ದಳು.

"ಅಣ್ಣ, ಅದನ್ನ ಬರೆದಿದ್ದೂ ನಾನು, ಕಳಿಸಿದ್ದೂ ನಾನು. ನಮ್ಮಪ್ಪಂಗೆ ಏನೂ ಗೊತ್ತಿಲ್ಲ."

ಅಪ್ಪ ತಿರುಗಿ ಅವಳನ್ನು ನೋಡಿದ. ಮರಿಸ್ವಾಮಿ ಫೋನು ನೋಡಿದ, ಅವಳನ್ನು ನೋಡಿದ, ಮತ್ತೆ ಫೋನು ನೋಡಿದ.

"ನೀನು ಕೆಲ್ಸ ಹುಡುಕ್ತಿದ್ಯಾ? ನಂಗ್ ಗೊತ್ತಾಗ್ದಂಗೆ?"

"ನೀವೂ ಆಳು ಹುಡುಕ್ತಿದ್ರಿ, ನಂಗೆ ಗೊತ್ತಾಗ್ದಂಗೆ. ನಾಲ್ಕು ವರ್ಷ ಆಯ್ತು ಅಣ್ಣ, ಡಿಸೈನ್ ಕೆಲಸ ನಿಂಗೇ ಅಂದು. ಅದು ಬಂದಾಗ ಹೆಸರು ಮುಚ್ಕೊಂಡು ಹೊರಗಿನವರನ್ನ ಕರೆದ್ರಿ."

ಮರಿಸ್ವಾಮಿ ವ್ಯಾಪಾರಸ್ಥ. ಕೋಪಕ್ಕೂ ಲಾಭಕ್ಕೂ ಜಗಳ ಬಂದರೆ ಅವನಲ್ಲಿ ಲಾಭವೇ ಗೆಲ್ಲುವುದು. ಇದ್ದಕ್ಕಿದ್ದಂತೆ ನಕ್ಕುಬಿಟ್ಟ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ, ಅಂಗಾಯ್ತು ನನ್ ಕತೆ. ಬಂದಿರೋ ಅರ್ಜೀಲೆಲ್ಲಾ ನಿಂದೇ ಚೆಂದಾಗಿರೋದು ಕಣವ್ವ. ಬುಡು, ಆಗಿದ್ದಾಯ್ತು. ನಾಗಮಂಗಲ್ದ ಕೆಲ್ಸ ನಿಂಗೇ."

ಧನುಶ್ರೀಗೆ ಸಂತೋಷವಾಯಿತು, ಇಲ್ಲವೆನ್ನಲಾಗದು. ಆದರೂ ಕೇಳಿದಳು, "ಸಂಬಳ ಜಾಹೀರಾತಿನಲ್ಲಿ ಬರೆದಷ್ಟೇ ಅಲ್ವಾ ಅಣ್ಣ?"

"ಅದು ಒರಗಿನೋರ್ಗೆ ಬರ್ದಿದ್ದು. ನೀನು ಮನೆ ಹುಡ್ಗಿ. ಈಗಿರೋದೇ ಇರ್ಲಿ, ಯುಗಾದಿ ಕಳೀಲಿ, ನೋಡನಾ."

"ಮುಖ ತೋರಿಸದೋಳಿಗೆ ಬರೆದ ಸಂಬಳ ಮುಖ ತೋರಿಸಿದ ತಕ್ಷಣ ಯಾಕಣ್ಣ ಇಳೀತು?"

ಅವಳ ದನಿ ಏರಿರಲಿಲ್ಲ. ಅದೇ ಮರಿಸ್ವಾಮಿಗೆ ಹೆಚ್ಚು ಚುಚ್ಚಿತು. "ಸೋಮವಾರ ನಂಗೆ ಮೈಸೂರಲ್ಲಿ ಇಂಟರ್‌ವ್ಯೂ ಇದೆ. ಹೋಗ್ತೀನಿ. ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ" ಎಂದು ಸೇರಿಸಿದಳು.

"ಓಗು. ಧಾರಾಳವಾಗಿ ಓಗು" ಎಂದ ಮರಿಸ್ವಾಮಿ, ಈಗ ನಗು ಹಾರಿಹೋಗಿತ್ತು. "ಆದ್ರೆ ನಿಮ್ಮಪ್ಪನ್ಗೂ ಅಲ್ಲೇ ಎಲ್ಲಾದ್ರೂ ಕೆಲ್ಸ ನೋಡ್ಬುಡು. ಇಲ್ಲಿಂದ ಒಂದ್ ಗುಲಗಂಜಿ ಚಿನ್ನಾನೂ ಬರಕಿಲ್ಲ."

ಅವಳು ಮಳೆಗಾಲವೆಲ್ಲ ಹೆದರಿದ್ದ ಮಾತು ಕೊನೆಗೂ ಬಂತು. ಅಪ್ಪನ ಬದುಕನ್ನು ಪಣಕ್ಕಿಡುವ ಹಕ್ಕು ಅವಳಿಗೆಲ್ಲಿದೆ?

ವೆಂಕಟೇಶಾಚಾರಿ ಕೈ ಚಾಚಿ, "ಪೋನ್ ಕೊಡಿ ಇತ್ಲಾಗೆ" ಎಂದ. ಕನ್ನಡಕ ಏರಿಸಿ ಚಿತ್ರವನ್ನು ನೋಡಿದ. ಬೆರಳಿನಿಂದ ದೊಡ್ಡದು ಮಾಡುವುದು ಅವನಿಗೆ ಬಾರದು; ಧನುಶ್ರೀಯೇ ಬಂದು ಮಾಡಿ ತೋರಿಸಿದಳು.

"ರಾಗಿಕಾಳು ನಮ್ಮನೇವೇ" ಎಂದ. "ಈ ಒಳಗಡೆ ಪದ್ರ ನಮ್ಮನೇದಲ್ಲ. ನಮ್ಮಪ್ಪಂಗೂ ಒಳೀಲಿಲ್ಲ, ನಂಗೂ ಒಳೀಲಿಲ್ಲ. ಯಾರ್ ಯೋಳ್ಕೊಟ್ರು?"

"ಕಿತ್ತೋದ ತಾಳಿ ತರೋ ಹೆಂಗಸರು, ಅಪ್ಪ. ಅವರು ನಿಮ್ಮ ಹತ್ರ ಮಾತಾಡಲ್ಲ, ನನ್ ಹತ್ರ ಮಾತಾಡ್ತಾರೆ."

ಅಪ್ಪ ತಲೆಯಾಡಿಸಿದ. ಜೇಬಿನಿಂದ ಚಿನ್ನದ ಪೊಟ್ಟಣ ತೆಗೆದು ಕೌಂಟರಿನ ಗಾಜಿನ ಮೇಲೆ ಇಟ್ಟ. "ತೂಕ ನೋಡ್ಕಳಿ ಸಾವ್ಕಾರ್ರೆ. ಈ ಕೆಲ್ಸ ಬ್ಯಾರೆ ಯಾರ್ ಕೈಲಾದ್ರೂ ಮಾಡಿಸ್ಕಳಿ. ಕಳ್ಳ ಅಂದ್ರಿ, ತಡ್ಕಂಡೆ. ನನ್ ಕೆಲ್ಸ ತೋರ್ಸಿ ಅವ್ಳ ಕಾಲಿಗೆ ಅಗ್ಗ ಬಿಗೀತೀನಿ ಅಂದ್ರೆ ತಡ್ಕಳಕಿಲ್ಲ. ರಾಗಿಕಾಳು ಇರೋದು ನಮ್ ಕೈಲಿ, ನಿಮ್ ಅಂಗ್ಡೀಲಲ್ಲ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಧನುಶ್ರೀ ಸಂಜೆಯವರೆಗೆ ಕೂತು, ಆ ದಿನದ ಬಿಲ್ಲುಗಳನ್ನೆಲ್ಲ ಮುಗಿಸಿ, ಬೀಗದ ಕೈ ಒಪ್ಪಿಸಿ ಬಂದಳು. ಬಿಡುವುದಾದರೂ ಅರ್ಧಕ್ಕೆ ಬಿಟ್ಟಳು ಎನ್ನಿಸಿಕೊಳ್ಳಬಾರದು.

ಭಾನುವಾರ ಮನೆಯಲ್ಲಿ ಊದುಗೊಳವೆಯ ಸದ್ದಿಲ್ಲ. ಮಂಗಳಮ್ಮ ಒಂದೇ ಮಾತು ಹೇಳಿದಳು: "ಇಬ್ರೂ ಮಾಡಿದ್ದು ಸರಿ. ಈಗ ಮುಖ ಗಂಟಾಕ್ಕೊಂಡು ನನ್ನ ಮುದ್ದೆ ತಣ್ಣಗೆ ಮಾಡ್ಬೇಡಿ." ಮಧ್ಯಾಹ್ನ ಅಪ್ಪ ಕೆ.ಆರ್. ಪೇಟೆಯ ಒಬ್ಬ ಅಂಗಡಿಯವನಿಗೆ ಫೋನು ಮಾಡಿ ಕೆಲಸ ಕೇಳಿದ. ಅವನು ನೋಡೋಣ ಎಂದ. ಅಪ್ಪನಿಗೆ ಕೇಳುವ ಅಭ್ಯಾಸವಿರಲಿಲ್ಲ. ಧನುಶ್ರೀ ಗೋಡೆಯ ಆಚೆ ನಿಂತು ಆ ಮಾತುಗಳನ್ನು ಕೇಳಿಸಿಕೊಂಡು ಅತ್ತಳು. ಅತ್ತಳು ಎಂದರೆ ಮನಸ್ಸು ಬದಲಾಯಿಸಿದಳು ಎಂದಲ್ಲ. ಕಣ್ಣೊರೆಸಿಕೊಂಡು ಸೋಮವಾರಕ್ಕೆ ಚೂಡಿದಾರು ಇಸ್ತ್ರಿ ಮಾಡಿದಳು.

ಬೆಳಿಗ್ಗೆ ಅಪ್ಪ ತಾನೂ ಸ್ಟೇಷನ್ನಿಗೆ ಬರುತ್ತೇನೆಂದು ಹೊರಟ. ಮೈಸೂರಿನ ಗಾಡಿ ಬರುವ ಮುಂಚೆ ಅವಳ ಫೋನು ಹೊಡೆದುಕೊಂಡಿತು. ಮರಿಸ್ವಾಮಿ.

"ಧನು, ಜಾಹೀರಾತಲ್ಲಿ ಬರ್ದಿರೋ ಸಂಬಳವೇ ಕೊಡ್ತೀನಿ. ಬರ್ದೂ ಕೊಡ್ತೀನಿ. ನಿಮ್ಮಿಬ್ರನ್ನೂ ಬುಟ್ರೆ ಆ ತಾಳಿ ಮಾಡೋ ಕೈ ನಂಗೆಲ್ ಸಿಗ್ತದೆ? ವಾಪಸ್ ಬಂದ್ಬುಡವ್ವ."

"ನಮ್ಮಪ್ಪನ ಕೆಲಸ?"

"ಅದೂ ಮಾಮೂಲಿನಂಗೇ ಕಳಿಸ್ತೀನಿ ಕಣವ್ವ."

"ಅಣ್ಣ, ಇದನ್ನ ಸರಿಯಾಗಿ ಕೇಳಿಸ್ಕೊಳ್ಳಿ. ನಾನು ನಿಮ್ಮಲ್ಲಿದ್ರೂ ಅಪ್ಪನ ಕೆಲಸ ಅಪ್ಪಂದು, ಬೇರೆ ಕಡೆ ಹೋದ್ರೂ ಅಪ್ಪಂದು. ಒಪ್ಪೋದಾದ್ರೆ ಅವರಿಗೇ ಹೇಳಿ. ಶನಿವಾರ ಆಡಿದ್ದಕ್ಕೂ ಏನಾದ್ರೂ ಹೇಳೋದಿದ್ರೆ ಹೇಳಿ. ಇಲ್ಲೇ ಇದ್ದಾರೆ."

ಫೋನನ್ನು ಅಪ್ಪನ ಕೈಗೆ ಕೊಟ್ಟು ಪ್ಲಾಟ್‌ಫಾರ್ಮಿನ ಅಂಚಿಗೆ ಬಂದಳು. ಅಪ್ಪ ಹೂಂ ಎಂದ, ಬಹಳ ಹೊತ್ತು ಕೇಳಿದ, ಮತ್ತೆ ಹೂಂ ಎಂದ. ಗಾಡಿ ಬಂದು ನಿಂತಿತು. ಅಪ್ಪ ಫೋನು ತಂದುಕೊಡುವಾಗ ಅವನ ಮುಖ ಹಗುರಾಗಿತ್ತು.

"ತಪ್ಪಾಯ್ತು ಆಚಾರ್ರೆ ಅಂದ್ರು. ಚಿನ್ನ ಮನೇಗೇ ಕಳಿಸ್ತಾರಂತೆ, ನೀನು ಎಲ್ಲೇ ಸೇರ್ಕಂಡ್ರೂ ಕಳಿಸ್ತಾರಂತೆ. ನಿನ್ನ ಉತ್ರ ಏನು ಅಂತ ಕೇಳುದ್ರು."

"ನೀವೇನಂದ್ರಿ?"

"ಮೈಸೂರ್ನೋರು ಏನಂತಾರೆ ಕೇಳ್ಕಂಡು ಬಂದು ಅವ್ಳೇ ಯೋಳ್ತಾಳೆ, ಅಲ್ಲೀಗಂಟ ಕಾಯ್ರಿ ಅಂದೆ."

ಧನುಶ್ರೀ ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತಳು. ಫೋನಿನ ಸದ್ದು ಅಡಗಿಸಿ ಚೀಲದಲ್ಲಿಟ್ಟಳು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಪಕ್ಕದಲ್ಲಿದ್ದ ಹೆಂಗಸು, "ಎಲ್ಗವ್ವ, ಕೆಲ್ಸಕ್ಕಾ?" ಎಂದು ಕೇಳಿದಳು. ಮಳೆಗಾಲ ಪೂರ್ತಿ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಧನುಶ್ರೀ ಇಡೀ ಬೋಗಿಗೆ ಕೇಳುವ ಹಾಗೆ ಹೇಳಿದಳು.

"ಊಂ ಕಣಕ್ಕ. ಕೆಲಸ ನೋಡೋಕೆ ಹೋಗ್ತಿದೀನಿ. ಅವರು ನನ್ನ ನೋಡ್ತಾರೆ, ನಾನೂ ಅವರನ್ನ ನೋಡ್ತೀನಿ."